ಟೀಟ್ಸೆಯ ಕಿವಿ

ನಮ್ಮ ಹಾರ್ಟೆನ್‌ರೋಡಾ ನಗರದ ವಾದ್ಯವೃಂದದಲ್ಲಿ ವೋಲ್ಕ್‌ಮಾರ್ ಟೀಟ್ಸೆಗೆ ಬೆನ್ನು ಹಾಕಿಕೊಂಡು ಮೂವತ್ತು ವರ್ಷ ಕೂತವಳು ನಾನು. ನಾನು ವಿಯೋಲಾದವಳು, ಪಿಟೀಲಿನಂಥದ್ದೇ ತುಸು ದೊಡ್ಡ ವಾದ್ಯ. ವಿಯೋಲಾ ಸಾಲಿನ ಹಿಂದೆ ಊದುವವರ ಸಾಲು, ಅದರ ನಟ್ಟನಡುವೆ ಮೊದಲ ಓಬೋದ ಕುರ್ಚಿ, ಅದರಲ್ಲಿ ಟೀಟ್ಸೆ. ಅವನು ಬಿಟ್ಟ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಮಧ್ಯಾಹ್ನ ಸಾಸೇಜಿಗೆ ಅವನು ಎಷ್ಟು ಸಾಸಿವೆ ಬಳಿದುಕೊಂಡಿದ್ದ ಎಂಬುದೂ ಸಂಜೆ ನನಗೆ ಗೊತ್ತಾಗುತ್ತಿತ್ತು. ಅಷ್ಟು ಹತ್ತಿರ ಕೂತವರಿಗೆ ಮನುಷ್ಯನ ಬಗ್ಗೆ ಭ್ರಮೆ ಉಳಿಯುವುದು ಕಷ್ಟ.

ಊರಿನವರಿಗೆ ಮಾತ್ರ ಅವನು ದೊಡ್ಡ ಮನುಷ್ಯ. ಸಂಗೀತ ಕಚೇರಿ ಶುರುವಾಗುವ ಮುಂಚೆ, ಸಭೆಯ ಕೆಮ್ಮೆಲ್ಲ ಮುಗಿದು ಸದ್ದಡಗಿದಾಗ, ಓಬೋದವನು ಒಂದೇ ಒಂದು ಸ್ವರ ಊದುತ್ತಾನೆ. ಅದೇ ಶ್ರುತಿ. ಪಿಟೀಲಿನವರಿಂದ ಹಿಡಿದು ಹಿತ್ತಾಳೆ ಕೊಳವೆಯವರವರೆಗೆ ಎಲ್ಲರೂ ತಮ್ಮ ವಾದ್ಯವನ್ನು ಅದಕ್ಕೆ ಸೇರಿಸಿಕೊಳ್ಳಬೇಕು. ಇದು ವಾದ್ಯದ ಅನುಕೂಲಕ್ಕೆ ಬಂದ ಪದ್ಧತಿ. ಟೀಟ್ಸೆ ಇದನ್ನು ತನಗೆ ಮಾಡಿದ ಪಟ್ಟಾಭಿಷೇಕ ಎಂದುಕೊಂಡಿದ್ದ. ಬೇಕರಿಯಲ್ಲಿ ಸರದಿ ಮುರಿದು ಮುಂದೆ ಹೋಗುತ್ತಿದ್ದ. ಯಾರಾದರೂ ಆಕ್ಷೇಪಿಸಿದರೆ, "ನಾನು ಟೀಟ್ಸೆ. ಮೊದಲ ಓಬೋ," ಎನ್ನುತ್ತಿದ್ದ. ಬೇಕರಿಯವಳು ನಗು ತಡೆದುಕೊಂಡು ಅವನಿಗೆ ರೊಟ್ಟಿ ಕೊಟ್ಟು ಸಾಗಹಾಕುತ್ತಿದ್ದಳು.

ನಮ್ಮವರಲ್ಲಿ ಇನ್ನೊಂದು ಪದ್ಧತಿಯಿದೆ. ಪಕ್ಕದವನು ಚೆನ್ನಾಗಿ ನುಡಿಸಿದರೆ ಚಪ್ಪಾಳೆ ತಟ್ಟಲು ನಮಗೆ ಕೈ ಎಲ್ಲಿ ಬಿಡುವು? ಅದಕ್ಕೇ ಕೂತಲ್ಲೇ ಬೂಟಿನಿಂದ ನೆಲವನ್ನು ಮೆಲ್ಲಗೆ ಉಜ್ಜುತ್ತೇವೆ. ಆ ಸದ್ದು ಸಭೆಗೆ ಕೇಳಿಸುವುದಿಲ್ಲ. ಕೇಳಿಸಬೇಕಾದವನಿಗೆ ಕೇಳಿಸುತ್ತದೆ. ಒಂಟಿಯಾಗಿ ನಾಲ್ಕು ಸ್ವರ ನುಡಿಸುವ ಭಾಗ್ಯ ವಿಯೋಲಾಕ್ಕೆ ಸಿಗುವುದೇ ಅಪರೂಪ. ಅಂಥದ್ದೊಂದು ಸಂಜೆ ನನ್ನ ಹಿಂದೆ ಮುಂದೆ ಬೂಟುಗಳು ಉಜ್ಜಿದಾಗ ನನಗೆ ಕಣ್ಣು ತುಂಬಿ ಬಂದಿತ್ತು. ಟೀಟ್ಸೆಯ ಬೂಟು ಮಾತ್ರ ಅಲುಗಲಿಲ್ಲ. ನನಗೆಂದಲ್ಲ, ಯಾರಿಗೂ ಅವನು ಉಜ್ಜಿದವನಲ್ಲ. ಕೇಳಿದರೆ, "ನನ್ನ ಕಿವಿಗೆ ಹಿಡಿಸ್ಬೇಕಲ್ಲ," ಎನ್ನುತ್ತಿದ್ದ.

ಅವನ ಕಿವಿ! ಅದರ ವರ್ಣನೆ ಅವನ ಬಾಯಿಂದಲೇ ಕೇಳಬೇಕು. ಗೋಡೆಯಾಚೆ ಊದುವವನು ಯಾರ ಶಿಷ್ಯ, ಯಾವ ಊರಿನವನು, ಬೆಳಿಗ್ಗೆ ಕಾಫಿ ಕುಡಿದಿದ್ದಾನೋ ಇಲ್ಲವೋ, ಎಲ್ಲ ಅವನ ಕಿವಿಗೆ ತಿಳಿಯುತ್ತದಂತೆ. ನಮ್ಮಲ್ಲಿ ಹೊಸಬರನ್ನು ಆರಿಸುವಾಗ ವೇದಿಕೆಗೆ ಅಡ್ಡ ಪರದೆ ಕಟ್ಟಿ, ಮುಖ ಕಾಣದಂತೆ ನುಡಿಸುವುದನ್ನು ಕೇಳಿ ಮತ ಹಾಕುತ್ತೇವೆ. ಬೇರೆ ಊರುಗಳಲ್ಲಿ ಮೊದಲ ಸುತ್ತಾದ ಮೇಲೆ ಪರದೆ ತೆಗೆಯುತ್ತಾರೆ. ನಮ್ಮಲ್ಲಿ ಕೊನೆಯ ಮತದವರೆಗೂ ಪರದೆ ಇರಬೇಕು ಎಂದು ಹಟ ಹಿಡಿದು ನಿಯಮ ಮಾಡಿಸಿದವನು ಇದೇ ಟೀಟ್ಸೆ. ಎಂಥ ನ್ಯಾಯವಂತ ಎಂದು ಪತ್ರಿಕೆಯವರು ಹೊಗಳಿದರು. ನನಗೆ ಅವನ ಲೆಕ್ಕಾಚಾರ ಗೊತ್ತಿತ್ತು. ಪರದೆ ಕಟ್ಟಿದರೆ ಉಳಿದವರೆಲ್ಲ ಕುರುಡರು; ಕಿವಿಯಿರುವ ಇವನೊಬ್ಬನಿಗೇ ಒಳಗಿರುವವರು ಯಾರೆಂದು ತಿಳಿಯುತ್ತದೆ.

ಇಂಥವನ ಪಕ್ಕದ ಕುರ್ಚಿಗೆ, ಎರಡನೆಯ ಓಬೋ ಆಗಿ, ಇಲ್ಕಾ ಮಾಸ್ ಬಂದಳು.

ಉತ್ತರದ ಕಡಲ ತೀರದ ಹುಡುಗಿ, ಬಸ್ ಓಡಿಸುವವನ ಮಗಳು. ಆಯ್ಕೆಯ ದಿನ ಟೀಟ್ಸೆ ಹಲ್ಲುನೋವೆಂದು ಬಂದಿರಲಿಲ್ಲ, ಹಾಗಾಗಿ ಅವಳು ಗೆದ್ದಳು. ಆದರೆ ನಮ್ಮಲ್ಲಿ ಗೆದ್ದ ಮಾತ್ರಕ್ಕೆ ಕುರ್ಚಿ ಸಿಕ್ಕಂತಲ್ಲ. ಒಂದು ವರ್ಷ ಪರೀಕ್ಷೆಯ ಕಾಲ. ಅದು ಮುಗಿದಾಗ ಇಡೀ ವೃಂದ ಸೇರಿ ಕೈಯೆತ್ತಿ ತೀರ್ಮಾನಿಸುತ್ತದೆ: ಇರಲಿ, ಅಥವಾ ಹೋಗಲಿ. ಇರಲಿ ಎಂದರೆ ನಿವೃತ್ತಿಯವರೆಗೂ ಯಾರೂ ಅಲುಗಿಸುವಂತಿಲ್ಲ. ಹೋಗಲಿ ಎಂದರೆ ಮತ್ತೆ ರೈಲು, ಮತ್ತೆ ಬೇರೊಂದು ಊರಿನ ಪರದೆ.

ಇಲ್ಕಾಳ ನಾದ ತೆಳುವಾಗಿ, ತೆರೆದುಕೊಂಡು ಬರುತ್ತಿತ್ತು, ಕಿಟಕಿ ತೆಗೆದ ಹಾಗೆ. ಟೀಟ್ಸೆಯ ನಾದ ದಪ್ಪ, ಕಪ್ಪು. ಅದನ್ನು ಅವನು ಹಾರ್ಟೆನ್‌ರೋಡಾದ ಪರಂಪರೆ ಎನ್ನುತ್ತಿದ್ದ. ಆಲೂಗಡ್ಡೆಯ ಉಂಡೆ ಗಂಟಲಲ್ಲಿ ಸಿಕ್ಕಿಕೊಂಡವನ ಗೊಣಗಾಟ ಎಂದು ನಾವು ಹಿಂದಿನಿಂದ ಹೇಳಿಕೊಳ್ಳುತ್ತಿದ್ದೆವು. ಮೊದಲ ವಾರವೇ ಅವನು ತಾಲೀಮಿನ ನಡುವೆ, ಎಲ್ಲರಿಗೂ ಕೇಳುವಂತೆ ಹೇಳಿದ:

"ಮಾಸ್ ಅವರೇ, ನಿಮ್ಮ ನಾದ ನನ್ನದಕ್ಕೆ ಹೊಂದೋದೇ ಇಲ್ಲ."

"ಏನ್ ಮಾಡ್ಲಿ, ಹೇಳಿ ಸರ್. ಮಾಡ್ತೀನಿ," ಎಂದಳು ಅವಳು.

"ಶನಿವಾರ ಮನೆಗೆ ಬನ್ನಿ. ರೀಡ್ ಹೆರೆಯೋದು ಕಲೀರಿ."

ಓಬೋದವರ ಬದುಕೆಲ್ಲ ಈ ರೀಡಿನಲ್ಲಿದೆ. ಜೊಂಡಿನ ತುಂಡನ್ನು ಮಡಿಸಿ, ದಾರ ಬಿಗಿದು, ಚಾಕುವಿನಿಂದ ತುದಿಯನ್ನು ಕಾಗದದಷ್ಟು ತೆಳ್ಳಗೆ ಹೆರೆದು ಮಾಡುವ ಎರಡೆಸಳಿನ ಪುಟ್ಟ ವಸ್ತು. ಅದನ್ನು ತುಟಿಗಿಟ್ಟು ಊದಿದರೇ ವಾದ್ಯ ಮಾತಾಡುವುದು. ಹೇಗೆ ಹೆರೆದರೆ ಹಾಗೆ ನಾದ. ಇಲ್ಕಾ ಶನಿವಾರ ಶನಿವಾರ ಟೀಟ್ಸೆಯ ಅಡುಗೆಮನೆಯ ಮೇಜಿಗೆ ಹೋಗಿ ಕೂತಳು. ಅವನು ನೂರು ಸಲ ಹೆರೆಸಿದ, ನೂರು ಸಲ ಮೂಗು ಮುರಿದ, ಅವಳೆದುರಿಗೇ ಅವಳ ರೀಡನ್ನು ಬೆರಳಲ್ಲಿ ಪುಡಿಮಾಡಿ ಸಿಂಕಿಗೆ ಎಸೆದ. ಅವನ ಹೆಂಡತಿ ಪಾಪ, ಹುಡುಗಿಯ ತಟ್ಟೆಗೆ ಇನ್ನೊಂದು ತುಂಡು ಪ್ಲಮ್ ಕೇಕು ಹಾಕುವುದರಲ್ಲೇ ತನ್ನ ಅಭಿಪ್ರಾಯ ತಿಳಿಸುತ್ತಿದ್ದಳು. ವಸಂತ ಬರುವ ಹೊತ್ತಿಗೆ ಇಲ್ಕಾ ಅವನ ಹಾಗೇ ಹೆರೆಯುತ್ತಿದ್ದಳು, ಅವನ ಹಾಗೇ ಊದುತ್ತಿದ್ದಳು. ನನ್ನ ಬೆನ್ನ ಹಿಂದೆ ಎರಡು ಆಲೂಗಡ್ಡೆ ಉಂಡೆಗಳಾದವು. ಕಿಟಕಿ ಮುಚ್ಚಿಹೋಯಿತು. ನನಗೆ ಬೇಸರವಾಯಿತು, ಆದರೆ ಕುರ್ಚಿಯಾದರೂ ಉಳಿಯುತ್ತದಲ್ಲ ಎಂದುಕೊಂಡೆ.

ಬೇಸಿಗೆಯ ಕೊನೆಗೆ ಸಭೆ ಸೇರಿತು. ಪದ್ಧತಿಯಂತೆ ಅವಳನ್ನು ಹೊರಗೆ ಕಳುಹಿಸಿ, ಮೊದಲು ಅವಳ ವಿಭಾಗದ ಮುಖ್ಯಸ್ಥನ ಮಾತು. ಟೀಟ್ಸೆ ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡ.

"ಶ್ರದ್ಧೆ ಇದೆ. ಇಲ್ಲ ಅನ್ನಲ್ಲ. ಆದ್ರೆ ಈ ಹುಡುಗಿಗೆ ಸ್ವಂತದ್ದು ಅಂತ ಏನಿದೆ? ಬರೀ ನನ್ನ ಅನುಕರಣೆ. ನಕಲು ಇಟ್ಕೊಂಡು ನಾವೇನು ಮಾಡೋದು?"

ಮೈಯೆಲ್ಲ ಉರಿದುಹೋಯಿತು ನನಗೆ. ಎದ್ದು ನಿಂತು ಕೇಳಿದೆ: "ಅಲ್ಲ ವೋಲ್ಕ್‌ಮಾರ್, ಹೊಂದಲ್ಲ ಅಂದೋನು ನೀನೇ, ಹೊಂದಿಸಿದೋನೂ ನೀನೇ. ಈಗ ಹೊಂದ್ತು ಅಂತ ಓಡಿಸ್ತೀಯಾ?"

"ವಿಯೋಲಾದವರು ಓಬೋ ಬಗ್ಗೆ ಮಾತಾಡೋ ಕಾಲ ಬಂತಾ?" ಎಂದ. ವಿಯೋಲಾದವರ ಮೇಲೆ ಗೇಲಿ ಮಾಡಿದರೆ ವಾದ್ಯವೃಂದದಲ್ಲಿ ಯಾವತ್ತೂ ನಗು ಬೀಳುತ್ತದೆ, ಅವತ್ತೂ ಬಿತ್ತು. ಆ ನಗುವಿನಲ್ಲೇ 'ಹೋಗಲಿ' ಎಂದು ಕೈಗಳು ಮೇಲೆದ್ದವು. ಸ್ನೇಹಿತರೆನಿಸಿಕೊಂಡವರ ಕೈಗಳೂ ಇದ್ದವು. ಮುಖ್ಯಸ್ಥನನ್ನು ಎದುರು ಹಾಕಿಕೊಂಡು ನಮಗೇನಾಗಬೇಕು ಎಂಬ ಹೇಡಿಗಳು. ಇಲ್ಕಾ ಹೊರಗೆ ನೀರಿನ ಯಂತ್ರದ ಹತ್ತಿರ ನಿಂತಿದ್ದಳು. ನನ್ನ ಮುಖ ನೋಡಿಯೇ ತಿಳಿದುಕೊಂಡಳು. "ಶನಿವಾರಗಳೆಲ್ಲ ವ್ಯರ್ಥ ಆಯ್ತಲ್ಲ, ಗೆರ್ಲಿಂಡೆ," ಎಂದು ಮಾತ್ರ ನನಗೆ ಹೇಳಿ, ಪೆಟ್ಟಿಗೆ ಎತ್ತಿಕೊಂಡು ಹೊರಟುಹೋದಳು.

ಆಮೇಲಿನ ಅವಳ ವರ್ಷಗಳು ನಮ್ಮ ಕಸುಬಿನಲ್ಲಿ ಸೋತವರೆಲ್ಲರ ವರ್ಷಗಳಂತೆ. ಯಾರೋ ಹೆರಿಗೆಗೆ ರಜೆ ಹಾಕಿದರೆ ಆ ಊರಿನಲ್ಲಿ ಬದಲಿ, ಯಾರಿಗೋ ಜ್ವರ ಬಂದರೆ ಈ ಊರಿನಲ್ಲಿ ಬದಲಿ. ಕ್ರಿಸ್‌ಮಸ್ಸಿಗೆ ಚರ್ಚುಗಳಲ್ಲಿ. ಉಳಿದ ದಿನ ಸಂಗೀತಶಾಲೆಯ ಮಕ್ಕಳಿಗೆ ಪಾಠ. ಆಯ್ಕೆಗೆ ಅರ್ಜಿ ಹಾಕುತ್ತಲೇ ಇದ್ದಳು, ಆದರೆ ಪರೀಕ್ಷೆಯ ವರ್ಷದಲ್ಲಿ ಬಿದ್ದವಳು ಎಂದರೆ ಎಲ್ಲರಿಗೂ ಅನುಮಾನ. ಮೂವತ್ತೈದರ ಹತ್ತಿರ ಬಂದವರಿಗಂತೂ ಕರೆ ಬರುವುದೇ ನಿಂತುಹೋಗುತ್ತದೆ. ಅವಳು ಆ ವಯಸ್ಸಿಗೆ ಬರುವ ಹೊತ್ತಿಗೆ ಟೀಟ್ಸೆಯ ನಿವೃತ್ತಿ ಹತ್ತಿರವಾಯಿತು. ಮೊದಲ ಓಬೋದ ಕುರ್ಚಿ ಖಾಲಿಯಾಗಲಿದೆ ಎಂದು ಪ್ರಕಟಣೆ ಹೊರಟಿತು. ಇಲ್ಕಾ ಅರ್ಜಿ ಹಾಕಿದಳು. ಇದು ತಪ್ಪಿದರೆ ಓಬೋವನ್ನು ಪೆಟ್ಟಿಗೆಯಲ್ಲಿಟ್ಟು ಪಾಠ ಹೇಳಿಕೊಂಡೇ ಇರುತ್ತೇನೆ ಎಂದು ನನಗೆ ಫೋನಿನಲ್ಲಿ ಹೇಳಿದಳು.

ಟೀಟ್ಸೆಗೆ ಆಗಲೇ ಒಬ್ಬ ಉತ್ತರಾಧಿಕಾರಿಯಿದ್ದ. ಹೆನ್ನಿಂಗ್ ಎಂಬ ಅವನ ಶಿಷ್ಯ. ಒಳ್ಳೆಯ ಹುಡುಗನೇ, ಮಾತು ಕಡಿಮೆ. ಅವನನ್ನು ಟೀಟ್ಸೆ ಎಂಟು ವರ್ಷ ತನ್ನ ರೀಡುಗಳಲ್ಲೇ ಊದಿಸಿ ಬೆಳೆಸಿದ್ದ. ನಿವೃತ್ತಿಯಾದ ಮೇಲೂ ಆ ಕುರ್ಚಿಯಿಂದ ತನ್ನ ನಾದವೇ ಕೇಳುತ್ತಿರಬೇಕು, ಇದಕ್ಕಿಂತ ದೊಡ್ಡ ಆಸೆ ಅವನಿಗಿರಲಿಲ್ಲ. ಹೋಗುವವನು ತನ್ನ ಜಾಗಕ್ಕೆ ಬರುವವನ ಮೇಲೆ ಮತ ಹಾಕಬಾರದು ಎಂಬ ನಿಯಮ ನಮ್ಮಲ್ಲಿಲ್ಲ. ಇರಬೇಕಿತ್ತು.

ಯಾರನ್ನು ಕರೆಯಬೇಕೆಂದು ನೋಡುವಾಗ ಇಲ್ಕಾಳ ಹೆಸರು ಬಂತು. ಆಫೀಸಿನ ಗುಮಾಸ್ತೆ ಅನುಮಾನಿಸಿದಳು. ಟೀಟ್ಸೆ ನಕ್ಕ.

"ಕರೀರಿ, ಕರೀರಿ. ಬರ್ಲಿ. ಒಂದು ಸಲ ಬೇಡ ಅಂದಿದ್ದು ಅರ್ಥ ಆಗಿಲ್ಲ ಅಂತ ಕಾಣುತ್ತೆ, ಇನ್ನೊಂದು ಸಲ ಹೇಳಿಸ್ಕೊಂಡು ಹೋಗ್ಲಿ."

ಕ್ಯಾಂಟೀನಿನಲ್ಲಿ ಸೂಪು ಕುಡಿಯುತ್ತಾ ಈ ಮಾತನ್ನು ಅವನೇ ನಮಗೆ ಹೇಳಿದ, ದೊಡ್ಡ ಸಾಹಸ ಮಾಡಿದವನಂತೆ.

ಆಯ್ಕೆಯ ದಿನ ವೇದಿಕೆಗೆ ಅಡ್ಡ ಬೂದು ಪರದೆ. ನುಡಿಸುವವರು ಗಂಡಸೋ ಹೆಂಗಸೋ ಎಂದು ಹಿಮ್ಮಡಿಯ ಸದ್ದಿನಿಂದಲೂ ತಿಳಿಯಬಾರದೆಂದು ಒಳಗೆ ಕಂಬಳಿ ಹಾಸಿ, ಬೂಟು ಕಳಚಿಸುತ್ತಾರೆ. ಚೀಟಿ ಎತ್ತಿ ಸಂಖ್ಯೆ ಕೊಡುತ್ತಾರೆ. ಎಲ್ಲ ಓಬೋದವರೂ ಎಲ್ಲ ಆಯ್ಕೆಗಳಲ್ಲೂ ನುಡಿಸಬೇಕಾದ ಒಂದೇ ರಚನೆಯನ್ನು ಬೆಳಗಿನಿಂದ ಕೇಳಿ ಕೇಳಿ ನಮ್ಮ ತಲೆ ಚಿಟ್ಟು ಹಿಡಿದಿತ್ತು. ಮಧ್ಯಾಹ್ನದ ಹೊತ್ತಿಗೆ ಇಬ್ಬರು ಉಳಿದರು, ಎರಡು ಮತ್ತು ಐದು.

ಎರಡನೆಯವರು ಮೊದಲು ನುಡಿಸಿದರು. ತೆಳುವಾದ, ತೆರೆದ ನಾದ. ನನ್ನ ಎದೆ ಹಾರಿತು: ಇಲ್ಕಾ! ಸಭಾಂಗಣದಲ್ಲಿ ನನ್ನ ಪಕ್ಕವೇ ಕೂತಿದ್ದ ಟೀಟ್ಸೆಯೂ ನನ್ನ ಕಡೆ ಬಾಗಿ ಪಿಸುಗುಟ್ಟಿದ. "ಅವಳೇ. ಮೂರು ಸ್ವರ ಸಾಕಾಯ್ತು ನಂಗೆ."

ನಂತರ ಐದನೆಯವರು. ದಪ್ಪ, ಕಪ್ಪು, ಉರುಟು ನಾದ. ಟೀಟ್ಸೆಯೇ ಪರದೆಯ ಹಿಂದೆ ಹೋಗಿ ಕೂತಂತಿತ್ತು. ಆದರೆ ಟೀಟ್ಸೆಗಿಂತ ಉಸಿರು ಉದ್ದ, ಮಾತು ಸ್ಪಷ್ಟ. ನಿಧಾನದ ಭಾಗ ಬಂದಾಗ ಇಡೀ ಸಭಾಂಗಣ ಉಸಿರು ಹಿಡಿದು ಕೂತಿತು. ಆಗ ನನ್ನ ಪಕ್ಕದಿಂದ ಒಂದು ಸದ್ದು ಬಂತು. ಮೊದಲು ಇಲಿ ಇರಬೇಕು ಎಂದುಕೊಂಡೆ. ಬಾಗಿ ನೋಡಿದರೆ ವೋಲ್ಕ್‌ಮಾರ್ ಟೀಟ್ಸೆಯ ಬೂಟು. ನೆಲ ಉಜ್ಜುತ್ತಿತ್ತು! ಕಣ್ಣು ಮುಚ್ಚಿ, ಗಲ್ಲ ಮೇಲೆತ್ತಿ, ಎಡಗಾಲು ಬಲಗಾಲು ಎರಡರಲ್ಲೂ ಉಜ್ಜುತ್ತಿದ್ದ. ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು.

ಮತಕ್ಕೆ ಮುಂಚೆ ಅವನೇ ಮಾತಾಡಬೇಕಿತ್ತು. ಮತ್ತೆ ಕೋಟಿನ ಗುಂಡಿ.

"ಎರಡನೆಯವರ ಬಗ್ಗೆ ಏನು ಹೇಳ್ಲಿ? ಬಡಕಲು ನಾದ. ಪೊಗರು ಜಾಸ್ತಿ. ನಮ್ಮ ವೃಂದದಲ್ಲಿ ಇದು ಹತ್ತು ದಿನ ಬಾಳಲ್ಲ. ನನಗಂತೂ ಯಾರಿದು ಅಂತ ಮೊದಲೇ ಗೊತ್ತಾಯ್ತು, ಹೆಸರು ಹೇಳೋಲ್ಲ, ನಿಯಮ ಇದೆ." ಇಲ್ಲಿ ನಿಂತು ಒಂದು ನಗೆ ನಕ್ಕ. "ಐದನೆಯವರು ಬೇರೆ. ಈ ಕುರ್ಚಿಯಲ್ಲಿ ಇಷ್ಟು ವರ್ಷ ಕೂತೋನು ಹೇಳ್ತಿದೀನಿ, ಕೇಳಿ. ಇದು ನಕಲಲ್ಲ. ಹುಟ್ಟಿನಿಂದ ಬಂದದ್ದು. ಇವರನ್ನ ಬಿಟ್ರೆ ನಾವು ಮೂರ್ಖರು."

ಅವನು ಒಬ್ಬರ ಪರವಾಗಿ ಮಾತಾಡಿದ್ದೇ ಮೊದಲು. ಎಲ್ಲರಿಗೂ ದಿಗ್ಭ್ರಮೆ. ಐದು ಹೆನ್ನಿಂಗನೇ ಎಂದು ನಾನೂ ನಂಬಿದ್ದೆ. ಕೈ ಎತ್ತಿದ್ದು ಎರಡಕ್ಕೆ. ನನ್ನಂಥ ಕೆಲವರು ಬಿಟ್ಟರೆ ಉಳಿದೆಲ್ಲ ಕೈಗಳು ಐದಕ್ಕೆ ಎದ್ದವು. ಟೀಟ್ಸೆ ಎಲ್ಲರಿಗಿಂತ ಎತ್ತರಕ್ಕೆ ಎತ್ತಿದ್ದ.

ಪರದೆ ಸರಿಯಿತು. ಕಂಬಳಿಯ ಮೇಲೆ, ಒಂದು ಕಡೆ ಹೆಬ್ಬೆರಳು ಕಾಣುವಷ್ಟು ತೂತಾದ ಉಣ್ಣೆಯ ಕಾಲುಚೀಲದಲ್ಲಿ, ಓಬೋ ಹಿಡಿದುಕೊಂಡು ಇಲ್ಕಾ ಮಾಸ್ ನಿಂತಿದ್ದಳು.

ಕೊಂಬಿನವರ ಸಾಲಿನಿಂದ ಯಾರೋ ಕಿಸಕ್ಕೆಂದರು. ಟೀಟ್ಸೆಯ ಮುಖ ಬೀಟ್‌ರೂಟಿನಂತಾಯಿತು.

"ಸಂಖ್ಯೆ ಅದಲುಬದಲಾಗಿದೆ!" ಎಂದು ಕೂಗಿದ.

"ಇಲ್ಲ ಸರ್. ಐದು ಇವರೇ," ಎಂದ, ಕಂಬಳಿಯ ಹತ್ತಿರ ಕಾವಲು ನಿಂತಿದ್ದ ರಂಗದ ಕೆಲಸಗಾರ. "ಎರಡು ಹೆನ್ನಿಂಗ್ ಅವರು. ಆಗ್ಲೇ ಕೋಟು ಹಾಕ್ಕೊಂಡು ಹೋಗಿಬಿಟ್ರು."

ಅದೇ ವಾರ ಹೆನ್ನಿಂಗ್ ಸಿಕ್ಕಾಗ ಸಂಕೋಚದಿಂದ ಹೇಳಿದ: ಎಂಟು ವರ್ಷ ಅವರ ರೀಡ್ ಊದಿ ಊದಿ ದವಡೆ ನೋವು ಬಂದಿತ್ತು, ಒಂದು ದಿನವಾದರೂ ತಾನು ಹೆರೆದದ್ದರಲ್ಲಿ ನುಡಿಸೋಣ ಅನಿಸಿತು ಎಂದು. ಮುಂದಿನ ವರ್ಷ ಅವನನ್ನು ಬೇರೊಂದು ಊರಿನವರು ಸಂತೋಷದಿಂದ ತೆಗೆದುಕೊಂಡರು. ಇಲ್ಕಾಳನ್ನು ಕೇಳಿದೆ, ನಿನ್ನ ಕಿಟಕಿಯಂಥ ನಾದ ಎಲ್ಲಿ ಹೋಯಿತು ಕಣೇ ಎಂದು. ಅವಳು ಕಾಫಿ ಕಲಕುತ್ತಾ ಹೇಳಿದಳು:

"ಪರದೆ ಈಚೆ ಯಾರು ಕೂತಿರ್ತಾರೆ ಅಂತ ನಂಗೆ ಗೊತ್ತಿರ್ಲಿಲ್ವಾ? ಅವ್ರಿಗೆ ಅವ್ರನ್ನೇ ಕೇಳ್ಸಿದೆ. ಶನಿವಾರಗಳು ವ್ಯರ್ಥ ಆಗ್ಬಾರ್ದಲ್ವಾ."

ಟೀಟ್ಸೆ ನಾಚಿಕೆಯಿಂದ ಮನೆ ಸೇರಿಕೊಂಡಾನು ಎಂದು ನೀವು ಅಂದುಕೊಂಡಿದ್ದರೆ, ನಿಮಗೆ ಆ ಜಾತಿಯ ಮನುಷ್ಯರು ಗೊತ್ತಿಲ್ಲ. ಎರಡು ವಾರ ಕಳೆಯಿತು. ಆಮೇಲೆ ಮಾರುಕಟ್ಟೆ ಚೌಕದ ಕಾಫಿ ಅಂಗಡಿಯಲ್ಲಿ ಕೂತು ಸಿಕ್ಕಸಿಕ್ಕವರಿಗೆ ಹೇಳತೊಡಗಿದ: "ನಾನು ತಯಾರು ಮಾಡಿದ ಹುಡುಗಿ. ನನ್ನ ಅಡುಗೆಮನೇಲೇ ಕಲ್ತಿದ್ದು. ಪರದೆ ಹಿಂದಿದ್ರೂ ಗುರುತು ಹಿಡಿದೆ. ಕಿವಿ ಅಂದ್ರೆ ಕಿವಿ!" ಪತ್ರಿಕೆಯವರು ಇದನ್ನೂ ಬರೆದುಕೊಂಡರು. ಸುಳ್ಳು ಹೇಳಿ ಹೇಳಿ ಅವನಿಗೇ ನಿಜವೆನಿಸಿಬಿಟ್ಟಿತ್ತು ಎಂದು ನನ್ನ ಗುಮಾನಿ.

ಇಲ್ಕಾಳಿಗೆ ಮತ್ತೆ ಪರೀಕ್ಷೆಯ ವರ್ಷ. ಇಡೀ ವರ್ಷ ಅವಳು ಟೀಟ್ಸೆಯ ದಪ್ಪ ನಾದವನ್ನೇ ಊದಿದಳು. ಒಂದು ಸಲ ಸುಟ್ಟುಕೊಂಡವಳು, ಯಾರಿಗೂ ನೆಪ ಕೊಡಲಿಲ್ಲ. ವರ್ಷದ ಕೊನೆಗೆ, ಹಿಂದೆ ಅವಳನ್ನು ಓಡಿಸಿದ ಅವೇ ಕೈಗಳು ಅವಳಿಗಾಗಿ ಎದ್ದವು. ಇನ್ನು ಅವಳನ್ನು ಯಾರೂ ಅಲುಗಿಸುವಂತಿಲ್ಲ. ಅದೇ ಬೇಸಿಗೆ ನಾನೂ ನಿವೃತ್ತಳಾದೆ.

ನಿವೃತ್ತರಿಗೆ ಮೂರನೆಯ ಸಾಲಿನ ತುದಿಯಲ್ಲಿ ಪುಕ್ಕಟೆ ಸೀಟು. ಶರತ್ಕಾಲದ ಮೊದಲ ಕಚೇರಿಯ ದಿನ ಹೋದರೆ ನನ್ನ ಪಕ್ಕದಲ್ಲಿ ಯಾರು? ಟೀಟ್ಸೆ. ಅಷ್ಟು ಮುಂದೆ ಕೂತರೆ ಪಿಟೀಲಿನವರ ಮೊಣಕಾಲು ಬಿಟ್ಟು ಬೇರೇನೂ ಕಾಣುವುದಿಲ್ಲ. ಊದುವವರು ಹಿಂದೆಲ್ಲೋ ಇರುತ್ತಾರೆ. ಅವನಿಗೆ ನೋಡುವ ಅಗತ್ಯವೇ ಇಲ್ಲವಲ್ಲ. ತನ್ನ ಶಿಷ್ಯೆ ಶ್ರುತಿ ಕೊಡುವುದನ್ನು ಕೇಳಲು, ಮದುವೆ ಮನೆಯ ಯಜಮಾನನಂತೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

ಸಭೆ ಸುಮ್ಮನಾಯಿತು. ಶ್ರುತಿ ಬಂತು.

ಕಿಟಕಿ ತೆರೆಯಿತು. ಅವಳು ಮೊದಲು ಬಂದ ವಾರ ನಾನು ಕೇಳಿದ್ದ ಅದೇ ನಾದ, ತೆಳು, ತೆರೆದದ್ದು, ಈಗ ಭಯವಿಲ್ಲದ್ದು. ಇಷ್ಟು ವರ್ಷ ಅವಳು ಅದನ್ನು ಎಲ್ಲಿ ಇಟ್ಟುಕೊಂಡಿದ್ದಳೋ!

ಟೀಟ್ಸೆ ಹುಬ್ಬು ಗಂಟಿಕ್ಕಿದ. "ಇಲ್ಕಾಗೆ ಹುಷಾರಿಲ್ವಾ? ಯಾರೋ ಬದಲಿಯವರು ಕೂತಿದಾರೆ ಇವತ್ತು," ಎಂದು ಪಿಸುಗುಟ್ಟಿದ. ಇನ್ನೂ ಸ್ವಲ್ಪ ಕೇಳಿ, ತೀರ್ಪು ಕೊಟ್ಟ. "ಹೊಂದೋದಿಲ್ಲ ಇದು. ನಮ್ಮ ವೃಂದಕ್ಕೆ ಹೊಂದೋದೇ ಇಲ್ಲ."

ವೇದಿಕೆಯ ಮೇಲೆ ಪಿಟೀಲು, ವಿಯೋಲಾ, ಚೆಲ್ಲೋ, ಕೊಂಬು, ಎಲ್ಲರೂ ಆ ಸ್ವರಕ್ಕೆ ತಮ್ಮ ವಾದ್ಯ ಸೇರಿಸಿಕೊಳ್ಳುತ್ತಿದ್ದರು. ನಾನು ಸಭಿಕಳಾಗಿದ್ದೇನೆ ಎಂಬುದನ್ನೂ ಮರೆತು ಎರಡೂ ಬೂಟಿನಿಂದ ನೆಲ ಉಜ್ಜಿದೆ. ಮುಂದಿನ ಸಾಲಿನ ಹೆಂಗಸು ಹುಚ್ಚಿಯನ್ನು ನೋಡುವಂತೆ ತಿರುಗಿ ನೋಡಿದಳು.

"ಏನು ಗೆರ್ಲಿಂಡೆ ಇದು, ಇಲ್ಲಿ ಕೂತ್ಕೊಂಡು?" ಎಂದ ಟೀಟ್ಸೆ, ಅಸಹ್ಯದಿಂದ. "ನಂಗಂತೂ ಈ ಅಭ್ಯಾಸ ಯಾವತ್ತೂ ಇರ್ಲಿಲ್ಲಪ್ಪ."

"ಒಂದು ಸಲ ಇತ್ತಲ್ಲ ವೋಲ್ಕ್‌ಮಾರ್," ಎಂದೆ. "ಅವತ್ತೂ ಇವಳೇ ನುಡಿಸ್ತಿದ್ದಿದ್ದು."

ಅವನು ಬಾಯಿ ತೆರೆದ. ಅಷ್ಟರಲ್ಲಿ ವೃಂದದ ನಿರ್ದೇಶಕರು ವೇದಿಕೆಗೆ ಬಂದರು, ಸುತ್ತ ಚಪ್ಪಾಳೆ ಎದ್ದಿತು, ಅವನು ಹೇಳಿದ್ದೇನೆಂದು ನನಗೆ ಕೇಳಿಸಲಿಲ್ಲ.